ದಡ ಕಾಣುವ ನಕ್ಷತ್ರ

ತೆಂಗಿನಗುಂಡಿಯ ಜಟ್ಟಯ್ಯ ತಾಂಡೇಲರು ದೋಣಿ ನಡೆಸುವುದು ಬಿಟ್ಟ ಮೇಲೆ ನಕ್ಷತ್ರಗಳ ಪರೀಕ್ಷಕರಾಗಿದ್ದಾರೆ. ಖಗೋಳ ವಿಜ್ಞಾನ ಓದುವ ತಮ್ಮನ ಮಗಳು ಅಮೂಲ್ಯಾ, ಮನುಷ್ಯ ಬದುಕಬಹುದಾದ ಗ್ರಹಗಳು ಇರಬಹುದು ಎನ್ನುವ ಹತ್ತಿರದ ನಕ್ಷತ್ರಗಳ ಹೆಸರು ಹೇಳಬೇಕು. ಇವರು ಹರಿದ ಬಲೆ ಹೊಲಿಯುತ್ತಲೇ ಒಂದೊಂದನ್ನೂ ಮೀನು ಆರಿಸಿದಂತೆ ಆರಿಸುತ್ತಾರೆ. ಪ್ರಾಕ್ಸಿಮಾ ಆಗಾಗ ಬೆಂಕಿ ಉಗುಳುತ್ತದೆ, ಅದು ಬೇಡ. ಟೌ ಸೆಟಿಯ ಸುತ್ತ ಕಲ್ಲು, ಧೂಳು. ದೋಣಿಯ ತಳ ಒಡೆದೀತು. ಟ್ರಾಪಿಸ್ಟ್‌ಗೆ ಏಳು ಗ್ರಹಗಳಿವೆ ಎಂದರೆ, "ಏಳಿದ್ರೆ ಎಂತ ಆತು? ಅಲ್ಲಿಂದ ನಮ್ಮ ಸೂರ್ಯ ಕಾಣ್ತದ್ಯಾ ಮಗಾ?" ಎನ್ನುತ್ತಾರೆ. "ಕಂಡ್ರೂ ಬಾಳ ಮಸುಕು, ದೊಡ್ಡಪ್ಪ." "ಹಂಗಾರೆ ಬ್ಯಾಡ." ನೀರು, ಗಾಳಿಯ ವಿಚಾರವೆಲ್ಲ ಆಮೇಲೆ. ಅಮೂಲ್ಯಾ ನಗುವುದಿಲ್ಲ. ಮಳೆ ಕವಿದ ಸಂಜೆಯೊಂದರಲ್ಲಿ ಅವಳ ಅಪ್ಪನ ದೋಣಿ ದಡ ಕಾಣದೆ ಕಡಲಲ್ಲೇ ಕಳೆದುಹೋದಾಗ, ದಡದ ದೀಪ ಹಚ್ಚುವ ಸರದಿ ಇವರದಾಗಿತ್ತು; ಇವರು ಹಚ್ಚಿರಲಿಲ್ಲ.