ಕಾಯಿ ಅಲ್ಲಾಡಿಸಿ ಹೇಳುವವಳು

ನಮ್ಮೂರು ದಬ್ಬೇಘಟ್ಟದ ಪಕ್ಕ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗದೆ ಊರಿನ ಹೆಂಗಸರನ್ನು ಸೇರಿಸಿ ಕೊಬ್ಬರಿ ಸಂಘ ಕಟ್ಟಿಸಿದೆ. ಎಲ್ಲರ ಮನೆಯ ಕಾಯಿಗೂ ಒಂದೇ ಅಟ್ಟ. ಹೆಚ್ಚುಕಡಿಮೆ ಒಂದು ವರ್ಷ ಕಾಯಿ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅವಸರಪಟ್ಟರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಕಾಯಿ ಯಾವ ದಿನ ಇಳಿಸಬೇಕೆಂದು ಹೇಳುತ್ತಿದ್ದವಳು ಒಬ್ಬ ಮುದುಕಿ. ಸ್ವಂತಕ್ಕೆ ಒಂದು ಮರವೂ ಇಲ್ಲ. ಕಂಡವರ ಕಾಯಿ ಸುಲಿದೇ ಬದುಕಿದವಳು. ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, ಒಳಗೆ ನೀರು ಕುಲುಕುತ್ತದೋ ಒಣಗಿದ ಉಂಡೆ ಬಡಿಯುತ್ತದೋ ಎಂದು ಕೇಳಿದಳೆಂದರೆ ತೀರ್ಪು ಬಂದಂತೆ. ತೋಟದ ಒಡತಿಯರು ಅವಳ ಮಾತಿಗೆ ಕಾಯುವುದನ್ನು ನೋಡಿ, ಇದೆಲ್ಲ ನನ್ನದೇ ಸಾಧನೆ ಎಂದು ಬೀಗುತ್ತಿದ್ದೆ.

ಹೋದ ವರ್ಷ ತಿಪಟೂರಿನಿಂದ ಅಧಿಕಾರಿಯೊಬ್ಬರು ಸಂಘ ನೋಡಲು ಬರುವುದೆಂದಾಯಿತು. ಅವರೆದುರು ಉಂಡೆ ಒಡೆದು ತೋರಿಸುವ ಚಪಲ ನನಗೆ. ಹಿಂದಿನ ದಿನ ಮುದುಕಿ ಅಲ್ಲಾಡಿಸಿ ನೋಡಿ, "ಇನ್ನೂ ನೀರೈತೆ ಸಾ, ಮೂರು ತಿಂಗ್ಳು ಬುಡಿ" ಅಂದಳು. ಅಟ್ಟದ ಕೆಳಗಿದ್ದವರು ನಾವಿಬ್ಬರೇ. "ಸುಮ್ನೆ ಇಳ್ಸಮ್ಮ, ನಂಗೊತ್ತು" ಎಂದೆ.

ಮರುದಿನ ಶಾಮಿಯಾನದ ಕೆಳಗೆ ಮೊದಲ ಕಾಯಿ ಒಡೆದರೆ ನೀರು ಅಧಿಕಾರಿಯ ಪ್ಯಾಂಟಿಗೆ ಎರಚಿತು. ಎರಡನೆಯದೂ ಅದೇ ಹಾಡು. ಅಷ್ಟರಲ್ಲಾಗಲೇ ಅರ್ಧ ಅಟ್ಟ ಸುಲಿದು ರಾಶಿ ಹಾಕಿದ್ದೆವು. ಹೆಂಗಸರ ಮುಖ ಬಾಡಿತು. ಎಲ್ಲರೂ ನನ್ನತ್ತ ನೋಡಿದರು. ನಿಜ ಹೇಳಿರೋ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ನಾನು, ನಗುತ್ತಾ ಅಂದೆ: "ನಮ್ಮಜ್ಜಿಗೆ ಕಿವಿ ಮಂದ ಆಗೈತೆ, ಏನ್ಮಾಡೋದು ಸಾರ್!"

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಎಲ್ಲರೂ ನಕ್ಕರು. ಅಲ್ಲೇ ಕೂತಿದ್ದ ಮುದುಕಿ ನನ್ನ ಮುಖವನ್ನು ಒಂದು ಸಲ ನೋಡಿ, ಸೆರಗು ಹೊದ್ದು ಎದ್ದು ಹೋದಳು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆಮೇಲೆ ಅವಳು ಅಟ್ಟದ ಕಡೆ ತಲೆ ಹಾಕಲಿಲ್ಲ. ಕರೆಯಲು ಹೋದವರಿಗೆ, "ನಂಗೆ ಕಿವಿ ಕೇಳಲ್ವಂತೆ ಕಣ್ರವ್ವಾ" ಅಂದಳಂತೆ. ಈ ವರ್ಷ ಕಾಯಿ ಇಳಿಸುವ ಹೊತ್ತಿಗೆ ನಾನು ತಡೆಯಲಾರದೆ ಅವಳನ್ನು ಸಭೆಗೆ ಕರೆತಂದೆ. ಹೋದ ವರ್ಷ ಕಾಯಿ ಇಳಿಸುವುದು ಬೇಡವೆಂದೇ ಅವಳು ಹೇಳಿದ್ದಳು, ಸುಳ್ಳು ಹೇಳಿದವನು ನಾನು ಎಂದು ಎಲ್ಲರೆದುರು ಒಪ್ಪಿಕೊಂಡೆ.

ಚಪ್ಪಾಳೆ ಬಿತ್ತು. "ಅಜ್ಜಿ ಮಾನ ಉಳ್ಸಕ್ಕೆ ತಪ್ಪು ತಮ್ ಮ್ಯಾಲೆ ಹಾಕ್ಕತಾವ್ರೆ. ಮೇಷ್ಟ್ರುದು ದೊಡ್ ಮನ್ಸು ಕಣೇ" ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದಳು. ಅಲ್ಲ, ಅಲ್ಲ ಎಂದು ಕೂಗಿದೆ. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು.

ಏನೂ ತೋಚದೆ ಒಂದು ಕಾಯಿ ತಂದು ಅವಳ ಕೈಗಿಟ್ಟೆ. ಅಲ್ಲಾಡಿಸಿದಳು. ಇನ್ನೊಂದು ಕಿವಿಗೆ ಹಿಡಿದು ಮತ್ತೆ ಅಲ್ಲಾಡಿಸಿದಳು. ಒಳಗೆ ಉಂಡೆ ಗಟಗಟ ಬಡಿಯುವುದು ಎದುರು ನಿಂತ ನನಗೂ ಕೇಳುತ್ತಿತ್ತು.

"ನಂಗೆ ಗೊತ್ತಾಗ್ತಿಲ್ಲ, ನೀವೇ ನೋಡ್ಬುಡಿ ಸಾ" ಎಂದು ಕಾಯನ್ನು ನನಗೆ ವಾಪಸು ಕೊಟ್ಟಳು.