ಪ್ಲಿಮತ್‌ನಲ್ಲಿ ಕಾಡುಬಾತಿನ ಈಲಿ

ನಾನು ಉಳಿದುಕೊಂಡಿರುವ ಸಹೋದ್ಯೋಗಿಯ ಮನೆಯ ಪಕ್ಕದವನು ಬೇಟೆಗಾರ. ಇಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಕೂತು, ಕಾಡುಬಾತುಗಳ ಎದೆಮಾಂಸವನ್ನಷ್ಟೇ ಕೊಯ್ದುಕೊಂಡು ಕಾಲು, ಈಲಿ ಅಂದರೆ ಲಿವರ್, ಗುಂಡಿಗೆಗಳನ್ನೆಲ್ಲ ಬಕೆಟ್ಟಿಗೆ ಹಾಕುತ್ತಿದ್ದ. ನಮ್ಮನ್ನು ಕಂಡು, "ಇದನ್ನು ಎಸೆಯುತ್ತೇನೆ, ನಿಮಗೆ ಬೇಕೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ನನ್ನ ಬಾಯಲ್ಲಿ ನೀರೂರಿತು. ಕೋಳಿ ಕೊಯ್ದ ದಿನ ಅವ್ವ ಈಲಿಯನ್ನು ಮೆಣಸು ಹಾಕಿ ಹುರಿದು ಮೊದಲು ನನಗೇ ಕೊಡುತ್ತಿದ್ದಳು. ಆದರೆ ಪಕ್ಕದಲ್ಲಿ ಸಹೋದ್ಯೋಗಿಯ ತಾಯಿ ನಿಂತಿದ್ದರು. ಎರಡು ದಿನದಿಂದ ಅವರ ಮನೆಯಲ್ಲಿ ಸಾರು, ಪಲ್ಯ ಬಿಟ್ಟು ಬೇರೇನೂ ಕಂಡಿರಲಿಲ್ಲ. "ಛೆ ಛೆ, ನಾವು ಪ್ಯೂರ್ ವೆಜ್" ಎಂದು ಮುಖ ಸಿಂಡರಿಸಿದೆ.

ಆಂಟಿ ನನ್ನತ್ತ ನೋಡಿದರು. ಆಮೇಲೆ ಬಕೆಟ್ ಕೊಡು ಎಂದು ಅವನಿಗೆ ಸನ್ನೆ ಮಾಡಿದರು.

"ಬೇಜಾರ್ ಮಾಡ್ಕೋಬೇಡಿ, ನಾವು ತಿಂತೀವಿ. ನೀವು ತಿನ್ನಲ್ವೇನೋ ಅಂತ ಎರಡು ದಿನದಿಂದ ಮನೇಲಿ ಬಾಡು ಮಾಡಿರ್ಲಿಲ್ಲ. ಆದ್ರೆ ಇಷ್ಟು ಒಳ್ಳೇದನ್ನ ಎಸೀತಾನಲ್ಲ, ತಡ್ಕೊಳ್ಳಕ್ಕಾಗ್ಲಿಲ್ಲ."

"ಪರವಾಗಿಲ್ಲ ಆಂಟಿ, ನನಗೆ ಮೊಸರನ್ನ ಸಾಕು" ಎಂದೆ.

ಮಧ್ಯಾಹ್ನ ಮನೆಯೆಲ್ಲ ಅವ್ವನ ಅಡುಗೆಮನೆಯ ಘಮ. ಆಂಟಿ ನನ್ನನ್ನು ಕಿಟಕಿಯ ಬಳಿ ಕೂರಿಸಿ, "ವಾಸನೆಗೆ ಕಷ್ಟ ಆಗ್ತಿದ್ಯಾ?" ಎಂದು ಕೇಳಿದರು. ನನ್ನ ಮೊಸರನ್ನಕ್ಕೆಂದು ಬೇರೆ ಸೌಟನ್ನು ಎರಡೆರಡು ಸಲ ತೊಳೆದು ತಂದರು.