ದೀಪ ಹಚ್ಚುವ ಹೊತ್ತಿನ ಪ್ರಶ್ನೆಗಳು

ಚಿನ್ನವ್ವಾ, ಪುಟ್ಟಪ್ಪಾ, ಈ ಹಾಳೆಗಳನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪರೀಕ್ಷೆಯ ಉತ್ತರ ತುಂಬುವ ಸಣ್ಣ ಗುಂಡುಗಳ ಸಾಲು ಕಾಣುತ್ತದೆ. ಒಂದು ಸಾಲಿಗೆ ನಾಲ್ಕು ಗುಂಡು. ಅದರಲ್ಲಿ ಒಂದನ್ನು ನಿಮ್ಮ ಅವ್ವ ನೀಲಿ ಪೆನ್ನಿನಿಂದ ತುಂಬಿದ್ದಾಳೆ. ಪಕ್ಕದ ಕೆಂಪು ರೈಟ್ ಗುರುತುಗಳು ನನ್ನವು. ಅವುಗಳಲ್ಲಿ ಕೆಲವು ಸುಳ್ಳು. ಅದನ್ನು ಹೇಳುವುದಕ್ಕೇ ಬರೆಯಲು ಕುಳಿತಿದ್ದೇನೆ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳುವಷ್ಟು ಬಾಯಿ ನನಗಿಲ್ಲ. ಅದು ನಿಮಗೂ ಗೊತ್ತು.

ನಾನು ಕರ್ಜಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಗುರುಗಳು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಮದುವೆಯಾಗಿ ಬ್ಯಾಡಗಿಗೆ ಬಂದೆ. ನಿಮ್ಮ ಅಜ್ಜ ಪೇಟೆಯ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದರು. ನಾನು ಮನೆಯಲ್ಲೇ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಬಿಡಿಸುವಾಗ ಕೆಂಪು ಕಾಯಿ ಒಂದು ಕಡೆ, ಬಿಳಚಿದ ಕಾಯಿ ಇನ್ನೊಂದು ಕಡೆ. ಇಷ್ಟು ವರ್ಷಗಳಲ್ಲಿ ಬಿಳಚಿದ ಒಂದು ಕಾಯಿಯೂ ನನ್ನ ಕೈಯಿಂದ ಕೆಂಪಿನ ರಾಶಿಗೆ ಹೋಗಿಲ್ಲ.

ನನ್ನ ಅತ್ತೆ ಒಂದು ಮಾತು ಕಲಿಸಿದ್ದರು. ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತು ಆಡಬಾರದು. ಆಗ ಕಣ್ಣಿಗೆ ಕಾಣದ ದೇವತೆಗಳು ಮನೆಗಳ ಮೇಲೆ ತಿರುಗಾಡುತ್ತ, ಯಾರು ಏನೆಂದರೂ ‘ಅಸ್ತು’ ಎನ್ನುತ್ತಾರಂತೆ. ಅಂದದ್ದು ಹಾಗೆಯೇ ಆಗಿಬಿಡುತ್ತದಂತೆ. ಆ ಹೊತ್ತಿನಲ್ಲಿ ಡಬ್ಬಿಯಲ್ಲಿ ಅಕ್ಕಿ ತೀರಿದ್ದರೂ ‘ಇಲ್ಲ’ ಎನ್ನಬಾರದು, ‘ಹೆಚ್ಚಾಗೈತಿ’ ಎನ್ನಬೇಕು. ನಾನು ಹಾಗೆಯೇ ಬದುಕಿದೆ. ನಿಮ್ಮ ಅಜ್ಜ ಕಾಲು ಬಾತು ಮಲಗಿದ್ದಾಗ ದಿನಾ ಸಂಜೆ “ಬಾವು ಇಳದೈತೇನ ನೋಡು” ಎಂದು ಕೇಳುತ್ತಿದ್ದರು. ನಾನು ಚಾದರ ಸರಿಸಿ ನೋಡಿ “ಇಳದೈತ್ರಿ” ಎನ್ನುತ್ತಿದ್ದೆ. ಇಳಿದಿರಲಿಲ್ಲ. ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ತಡವಾಗಿತ್ತು.

ಅವರು ಹೋದ ಮೇಲೆ ನನಗೆ ಅಳು ಬರಲಿಲ್ಲ. ಮಾತಾಡಿಸಲು ಬಂದವರು ಗಟ್ಟಿ ಜೀವ ಎಂದು ಹೇಳಿ ಹೋದರು. ಗಟ್ಟಿಯಲ್ಲ ಅದು. ಬಹಳ ಹೊತ್ತು ಮಡಚಿ ಕುಳಿತ ಕಾಲು ಜೋಮು ಹಿಡಿದರೆ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಒಳಗೆಲ್ಲ ಹಾಗಿತ್ತು. ಗೋಡೆಗೆ ಒರಗಿ ಕೂರುತ್ತಿದ್ದೆ. ಚೀಲ ತಂದು ಮುಂದಿಟ್ಟರೆ ತೊಟ್ಟು ಬಿಡಿಸುತ್ತಿದ್ದೆ. ಸಂಜೆ ಕೈ ಉರಿಯಬೇಕು, ಉರಿಯುತ್ತಿರಲಿಲ್ಲ. ನೀವು ಬಂದು ತೊಡೆಯ ಮೇಲೆ ಕುಳಿತರೂ ಭಾರ ಮಾತ್ರ ತಿಳಿಯುತ್ತಿತ್ತು.

ಆ ವರ್ಷವೇ ನಿಮ್ಮ ಅವ್ವ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕಟ್ಟಿದಳು. ಅವಳು ಮದುವೆಗೆ ಮೊದಲೇ ಹಾವೇರಿಯಲ್ಲಿ ಡಿ.ಎಡ್. ಮುಗಿಸಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ನೌಕರಿ ಸಿಗುವುದಿಲ್ಲ, ಸರ್ಕಾರಿ ಶಾಲೆಗೆ ಅರ್ಜಿ ಹಾಕುವ ಯೋಗ್ಯತೆ ಬರುತ್ತದೆ ಅಷ್ಟೇ. ಅರ್ಜಿ ಹಾಕುವುದಕ್ಕೂ ವಯಸ್ಸಿನ ಮಿತಿ ಇದೆ. ಅವಳಿಗೆ ಎರಡು ಮೂರು ವರ್ಷ ಉಳಿದಿತ್ತು. ಅವಳು ಪಠ್ಯಕ್ರಮದ ಹಾಳೆಯನ್ನು ಅಡುಗೆಮನೆಯ ಗೋಡೆಗೆ, ರೊಟ್ಟಿ ಬಡಿಯುವ ಜಾಗದ ಮೇಲೆ ಅಂಟಿಸಿದ್ದಳು. ಮಗುವಿನ ಬೆಳವಣಿಗೆ ಮತ್ತು ಬೋಧನೆ, ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಒಂದೊಂದಕ್ಕೆ ಮೂವತ್ತು ಅಂಕ, ಒಟ್ಟು ನೂರೈವತ್ತು. ಪಾಸಾಗಲು ತೊಂಬತ್ತು. ರೊಟ್ಟಿ ಬಡಿಯುತ್ತ ಅವಳು ಅದನ್ನು ನೋಡುತ್ತಿದ್ದಳು. ಹಾಳೆಯ ಮೇಲೆಲ್ಲ ಹಿಟ್ಟಿನ ಬೆರಳ ಗುರುತು.

ಒಂದು ದಿನ ಅವಳು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡ ದಪ್ಪ ಪ್ರಶ್ನೆ ಪುಸ್ತಕವನ್ನು ತಂದು ನನ್ನ ಮಡಿಲಲ್ಲಿಟ್ಟಳು.

“ಅತ್ತಿ, ಹಿಡೀರಿ ಇದನ್ನ. ನೀವು ಪ್ರಶ್ನೆ ಕೇಳ್ರಿ, ನಾ ಹೇಳ್ತೇನಿ. ಹಿಂದ ಉತ್ತರ ಅದಾವ. ಸರಿ ಇದ್ರ ಸರಿ ಅಂದು ಗುರ್ತು ಹಾಕ್ರಿ, ತಪ್ಪಿದ್ರ ತಪ್ಪು ಅನ್ರಿ.”

“ನನಗೆಲ್ಲಿ ಬರ್ತೈತಿ ಬೇ ಇದು.”

“ಓದಾಕ ಬರ್ತೈತಿಲ್ಲ? ಮತ್ತೇನ ಬೇಕು?”

ನಿಮ್ಮ ಅಪ್ಪ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. “ಯವ್ವಾ, ನೀನೂ ಒಂದು ಅರ್ಜಿ ಒಗದಬಿಡು. ಅತ್ತಿ ಸೊಸಿ ಇಬ್ಬರೂ ಸಾಲಿ ಅಕ್ಕೋರು ಆದ್ರ ನಾ ಮನಿಯಾಗ ರೊಟ್ಟಿ ಬಡಕೊಂತ ಕುಂದ್ರತೀನಿ.”

“ಮೊದಲು ಉಂಡ ತಾಟು ತೊಳೀರಿ. ರೊಟ್ಟಿ ಆಮ್ಯಾಲೆ” ಎಂದಳು ನಿಮ್ಮ ಅವ್ವ.

ಅವಳಿಗೆ ಪ್ರಶ್ನೆ ಕೇಳುವವರು ಬೇಕಾಗಿದ್ದು ಖರೆ. ಆದರೆ ನನ್ನ ಬಾಯಿಂದ ದಿನಕ್ಕೆ ನಾಲ್ಕು ಮಾತು ಹೊರಡಿಸಬೇಕು ಎನ್ನುವುದೂ ಅವಳ ಮನಸ್ಸಿನಲ್ಲಿತ್ತು. ಅದು ನನಗೆ ಅಂದೇ ತಿಳಿದಿತ್ತು. ತಿಳಿದೂ ಏನೂ ಅನಿಸಲಿಲ್ಲ.

ಅವಳು ಶಾಲೆಯಿಂದ ಬಂದು, ಚಹಾ ಮಾಡಿ, ನಿಮ್ಮನ್ನು ಆಡಲು ಬಿಟ್ಟು ನನ್ನ ಎದುರಿಗೆ ಕೂರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ನಾನು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಕೈ ತೊಳೆದು ಪುಸ್ತಕ ಹಿಡಿಯುತ್ತಿದ್ದೆ. ಮೊದಲ ಎರಡು ಮೂರು ದಿನ ಎಲ್ಲ ಸರಿ ಹೇಳಿದಳು. ಆಮೇಲೆ ನೀರಿನ ಪ್ರಶ್ನೆ ಬಂತು. ಅಗಲ ಪಾತ್ರೆಯ ನೀರನ್ನು ಉದ್ದ ಪಾತ್ರೆಗೆ ಸುರಿದಾಗ ನೀರು ಹೆಚ್ಚಾಯಿತು ಎನ್ನುವ ಮಗು ಬೆಳವಣಿಗೆಯ ಯಾವ ಹಂತದಲ್ಲಿದೆ?

“ಮೂರನೇದ್ದು. ಮೂರ್ತ ಕಾರ್ಯಗಳ ಹಂತ” ಎಂದಳು, ಗುಂಡು ತುಂಬುತ್ತಲೇ.

ಹಿಂದಿನ ಪುಟ ನೋಡಿದೆ. ಎರಡನೆಯದು ಎಂದಿತ್ತು. ಕಾರ್ಯಪೂರ್ವ ಹಂತ. ದೇವರ ಮುಂದೆ ಆಗಷ್ಟೇ ದೀಪ ಹಚ್ಚಿದ್ದಳು. ಪರೀಕ್ಷೆಗೆ ಹೋಗುವವಳ ಎದುರು, ಆ ಹೊತ್ತಿನಲ್ಲಿ, ಗಂಡ ಸತ್ತು ವರ್ಷ ತುಂಬದ ನನ್ನ ಬಾಯಿಂದ ‘ತಪ್ಪು’ ಎಂಬ ಮಾತು. ನಾಲಿಗೆ ಹೊರಳಲಿಲ್ಲ.

“ಸರಿ ಐತಿ” ಎಂದೆ. ಕೆಂಪು ಗುರುತು ಹಾಕಿದೆ.

ಮರುದಿನ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅವಳಿಗೆ ಶಾಲೆಯ ಅವಸರ. ಅವಳು ಹೋದ ಮೇಲೆ ನಿಮ್ಮಿಬ್ಬರ ಮುಂದೆ ಒಂದೇ ಅಳತೆಯ ಎರಡು ಲೋಟ ಮಜ್ಜಿಗೆ ಇಟ್ಟೆ. ಅಂದು ನಿಮಗೆ ರಜೆ. ಒಂದು ಲೋಟದ್ದನ್ನು ಉದ್ದನೆಯ ಗ್ಲಾಸಿಗೆ, ಇನ್ನೊಂದರದ್ದನ್ನು ಅಗಲ ಬಟ್ಟಲಿಗೆ ಸುರಿದೆ. ಪುಟ್ಟಪ್ಪಾ, ಆಗ ನಿನಗೆ ಐದು ವರ್ಷ. ನೀನು ಉದ್ದ ಗ್ಲಾಸನ್ನು ಎರಡೂ ಕೈಯಿಂದ ಹಿಡಿದು “ಇದರಾಗ ಭಾಳ ಐತಿ, ಇದು ನಂದು” ಎಂದೆ. “ಹುಚ್ಚ ಅದೀಯೇನ? ಎರಡೂ ಅಷ್ಟ ಅದಾವ” ಎಂದು ಚಿನ್ನವ್ವ ನಿನ್ನ ತಲೆಗೆ ಮೊಟಕಿದಳು. ಪುಸ್ತಕದ ಉತ್ತರವೇ ಸರಿ ಎಂಬುದು ನನ್ನ ಕಣ್ಣಿಗೇ ಕಂಡಿತು. ಆದರೂ ನಿಮ್ಮ ಅವ್ವನಿಗೆ ಹೇಳಲಿಲ್ಲ. ಸಂಜೆ ಮತ್ತೆ ಅದೇ ಹೊತ್ತು, ಅದೇ ದೀಪ.

ಒಮ್ಮೆ ಸರಿ ಎಂದ ಮೇಲೆ ಎರಡನೆಯ ಸಲ ಅನ್ನುವುದು ಸುಲಭವಾಯಿತು. ಅವಳು ತಪ್ಪಿದಾಗಲೆಲ್ಲ ಸರಿ ಎಂದೆ. ಗಣಿತದಲ್ಲಿ, ಪರಿಸರದಲ್ಲಿ, ಮಗುವಿನ ಬೆಳವಣಿಗೆಯಲ್ಲಂತೂ ಬಹಳ. ಅವಳ ಮುಖ ದಿನೇ ದಿನೇ ಅರಳುತ್ತಿತ್ತು. ತಪ್ಪಿದ್ದು ತನಗೆ ತಿಳಿಯದ ಕಾರಣ ಅವಳು ಆ ಪಾಠಗಳನ್ನು ಮತ್ತೆ ತೆರೆಯಲಿಲ್ಲ.

ಇನ್ನೊಂದನ್ನೂ ಬರೆಯಬೇಕು. ಅವಳಿಗೆ ನೌಕರಿ ಸಿಕ್ಕರೆ ಬೇರೆ ಜಿಲ್ಲೆಗೆ ಹಾಕಬಹುದು, ನೀವೆಲ್ಲ ಹೋಗಿಬಿಡುತ್ತೀರಿ ಎಂಬುದು ನನಗೆ ಗೊತ್ತಿತ್ತು. ಅದಕ್ಕಾಗಿ ಸರಿ ಎಂದೆನೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಲ್ಲ ಎನ್ನಲು ಧೈರ್ಯ ಸಾಲದು. ಹೌದು ಎನ್ನುವುದಕ್ಕೂ ಆಗ ನನ್ನೊಳಗೆ ಅಷ್ಟು ಆಸೆ ಉಳಿದಿರಲಿಲ್ಲ. ಇದಕ್ಕೆ ಯಾವ ಪುಸ್ತಕದ ಹಿಂದೆಯೂ ಉತ್ತರ ಇಲ್ಲ.

ಪರೀಕ್ಷೆ ಹಾವೇರಿಯಲ್ಲಿ. ಅವಳು ಹೊರಡುವಾಗ ನಾನು ಎದುರಾಗಬಾರದೆಂದು ಹಿತ್ತಲಿಗೆ ಹೋಗಿ ಪಾತ್ರೆ ಮುಂದಿಟ್ಟುಕೊಂಡು ಕುಳಿತೆ. ಅವಳೇ ಹಿತ್ತಲಿಗೆ ಬಂದು ಕಾಲು ಮುಟ್ಟಿ “ಹೋಗಿ ಬರ್ತೇನ್ರಿ” ಎಂದಳು. ಮಧ್ಯಾಹ್ನ ಬಂದವಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು.

“ಅತ್ತಿ, ನೀರಿನ ಪ್ರಶ್ನೆ ಬಂದಿತ್ತು ನೋಡ್ರಿ! ಓದಿ ನೋಡೂದ ಬ್ಯಾಡಾತು, ಕಣ್ಣು ಮುಚ್ಚಿ ತುಂಬೇನಿ.”

“ಯಾವುದು ತುಂಬಿದಿ?”

“ಮೂರನೇದ್ದರಿ. ಮೂರ್ತ ಕಾರ್ಯದ್ದು. ನೀವ ಸರಿ ಅಂದಿದ್ರೆಲ್ಲ!”

ನಾನು “ಹೂಂ” ಎಂದೆ. ಒಂದು ಹಿಡಿ ಕಾಯಿ ತೆಗೆದುಕೊಂಡು ತೊಟ್ಟು ಮುರಿಯತೊಡಗಿದೆ.

ಫಲಿತಾಂಶ ಫೋನಿನಲ್ಲಿ ಬಂತು. ಎಂಬತ್ತೇಳು. ಅವಳು ಅಳಲಿಲ್ಲ. ಫೋನನ್ನು ಕೆಳಗಿಟ್ಟು ನನ್ನ ಎದುರು ಕುಳಿತು, ಚೀಲಕ್ಕೆ ಕೈ ಹಾಕಿ ಕಾಯಿ ಬಿಡಿಸತೊಡಗಿದಳು. ಅವಳು ಎಂದೂ ಆ ಕೆಲಸ ಮಾಡಿದವಳಲ್ಲ. ಬಿಳಚಿದ್ದು ಕೆಂಪಿನದ್ದು ಎಲ್ಲ ಒಂದೇ ರಾಶಿಗೆ ಹಾಕುತ್ತಿದ್ದಳು. ಹೊರಗೆ ಕತ್ತಲಾಗುತ್ತಿತ್ತು. ದೀಪ ಹಚ್ಚಿರಲಿಲ್ಲ.

“ಸಾಕ್ರಿ ಅತ್ತಿ” ಎಂದಳು. “ಓದಿದ್ದನ್ನ ತಪ್ಪೀನಿ. ನನ್ನ ತಲಿಯಾಗ ಏನೂ ನಿಂದ್ರೂದಿಲ್ಲ. ಆ ಪುಸ್ತಕ ಗುಜರಿಗೆ ಹಾಕಿಬಿಡೂಣ.”

ಅವಳು ತನ್ನ ತಲೆಯನ್ನು ಬೈದುಕೊಂಡು ಉಳಿದ ವರ್ಷಗಳನ್ನು ಬಿಟ್ಟುಕೊಡುತ್ತಿದ್ದಳು. ಎದುರಿಗೆ ಕುಳಿತು ನಾನು ಅದನ್ನು ನೋಡುತ್ತಿದ್ದೆ.

“ನಿನ್ನ ತಲಿ ಸರಿ ಐತಿ. ತಪ್ಪು ನಂದು.”

“ಏನಂದ್ರಿ?”

“ನೀ ತಪ್ಪು ಹೇಳಿದಾಗೂ ನಾ ಸರಿ ಅಂದೀನಿ.”

ಅವಳ ಕೈ ನಿಂತಿತು. “ಎಷ್ಟಕ್ಕರಿ?” ಎಂದಳು.

“ಎಣಿಸಿಲ್ಲ.”

“ಯಾಕ್ರಿ ಅತ್ತಿ?”

ನಾನು ದೀಪದ ಹೊತ್ತಿನ ದೇವತೆಗಳ ಮಾತು ಹೇಳಿದೆ. ಹೇಳುವಾಗ ನನ್ನ ಕಿವಿಗೇ ಅದು ಚಿಕ್ಕದಾಗಿ ಕೇಳಿಸಿತು.

“ಹಂಗಾರ ನೀವು ದಿನಾ ಸರಿ ಸರಿ ಅಂದಿದ್ದಕ್ಕ ಆ ದೇವ್ರು ಅಸ್ತು ಅಂದು ನನಗ ತೊಂಬತ್ತು ಕೊಡಬೇಕಿತ್ತಲ್ರಿ?” ಎಂದಳು. ಎದ್ದು ಹೋಗಿ ಅಡುಗೆಮನೆಯ ಗೋಡೆಯ ಹಾಳೆಯನ್ನು ಕಿತ್ತಳು.

ಮರುದಿನ ನಿಮ್ಮನ್ನು ಕರೆದುಕೊಂಡು ರಾಣೆಬೆನ್ನೂರಿನ ತವರಿಗೆ ಹೋದಳು. ನಿಮ್ಮ ಅಪ್ಪ ಹೊತ್ತು ಮೂಡುವಾಗಲೇ ಟೆಂಪೋ ತೆಗೆದುಕೊಂಡು ಕೋಲ್ಡ್ ಸ್ಟೋರೇಜಿಗೆ ಹೋಗುತ್ತಿದ್ದ. ಮನೆಯಲ್ಲಿ ನಾನೊಬ್ಬಳೇ. ಗೋಡೆಯ ನಾಗಂದಿಗೆಯ ಮೇಲಿದ್ದ ಗುಂಡಿನ ಹಾಳೆಗಳನ್ನೆಲ್ಲ ಇಳಿಸಿದೆ. ಪುಸ್ತಕದ ಹಿಂದಿನ ಉತ್ತರ ನೋಡುತ್ತ ಒಂದೊಂದೇ ಸಾಲು ಬೆರಳಿಟ್ಟು ಓದಿದೆ. ಸುಳ್ಳು ಗುರುತು ಇದ್ದಲ್ಲೆಲ್ಲ ಕಪ್ಪು ಪೆನ್ನಿನಿಂದ ಅಡ್ಡ ಗೆರೆ ಎಳೆದೆ. ಮೂರು ದಿನ ಬೇಕಾಯಿತು. ಮುಗಿದ ಮೇಲೆ ಅಕ್ಕಿ ಡಬ್ಬಿಯ ಮೇಲೆ, ಅವಳ ಕಣ್ಣಿಗೆ ಬೀಳುವಂತೆ ಇಟ್ಟೆ.

ಅವಳು ಬಂದಳು. ನಿಂತೇ ಎಲ್ಲ ಹಾಳೆ ಮಗುಚಿ ನೋಡಿದಳು. ನೀರಿನ ಪ್ರಶ್ನೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಳು. ನಾನು ಒಲೆಯ ಕಡೆ ಮುಖ ಮಾಡಿದ್ದೆ.

“ಮುಂಜಾನೆ ಐದೂವರಿಗೆ ಏಳತೀರೇನ್ರಿ?” ಎಂದು ಕೇಳಿದಳು.

“ಏಳತೇನಿ.”

“ಆಗ ಯಾವ ದೇವ್ರೂ ತಿರುಗಾಡೂದಿಲ್ಲಲ್ಲ?”

“ಇಲ್ಲ.”

ಮರುದಿನದಿಂದ ಬೆಳಗಿನ ಹೊತ್ತು ಕುಳಿತೆವು. ಮೊದಲ ತಪ್ಪು ಉತ್ತರ ಬಂದಾಗ ನಾನು “ಇನ್ನೊಮ್ಮೆ ನೋಡು” ಎಂದೆ.

“ಇನ್ನೊಮ್ಮೆ ನೋಡು ಅಲ್ಲ ಅತ್ತಿ. ತಪ್ಪು ಅನ್ರಿ.”

“ಅದನ್ನ ಅಲ್ಲೇನ ನಾ ಅಂದಿದ್ದು?”

“ಅದಲ್ಲ. ಬಾಯಿ ಬಿಟ್ಟು ಅನ್ರಿ. ತ-ಪ್ಪು.”

“ತಪ್ಪು.”

“ಬಾಜೂ ಮನಿಗೆ ಕೇಳೂವಂಗ ಅನ್ರಿ.”

ಅಂದೆ. ನಿಮ್ಮ ಅಪ್ಪ ಒಳಗಿನಿಂದ “ಯಾರ ತಪ್ಪು, ಯಾರ ತಪ್ಪು?” ಎನ್ನುತ್ತ ನಿದ್ದೆಗಣ್ಣಿನಲ್ಲಿ ಎದ್ದು ಬಂದ. ನಿಮ್ಮ ಅವ್ವ ನಕ್ಕಳು. ಅವಳು ನನ್ನನ್ನು ನೋಡಿ ನಕ್ಕಿದ್ದು ಫಲಿತಾಂಶದ ನಂತರ ಅದೇ ಮೊದಲು. ಆಮೇಲೂ ಎಷ್ಟೋ ದಿನ ಅವಳು ನಾನು ಸರಿ ಎಂದ ಮೇಲೆ ಪುಸ್ತಕ ಕಸಿದುಕೊಂಡು ತಾನೇ ಹಿಂದಿನ ಪುಟ ನೋಡುತ್ತಿದ್ದಳು. ನೋಡಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಯಾವಾಗಲೋ ನೋಡುವುದನ್ನು ಬಿಟ್ಟಳು. ಯಾವ ದಿನ ಎಂದು ನಾನು ಗಮನಿಸಲಿಲ್ಲ.

ಎರಡನೆಯ ಸಲ ನೂರಾ ಎರಡು ಬಂತು. ಸಂತೋಷವಾಯಿತು ಎಂದು ಬರೆಯಬೇಕು. ಆಗಿರಬೇಕು. ಅಂದು ಸಂಜೆ ಕಾಯಿ ಬಿಡಿಸಿದ ಮೇಲೆ ಕೈ ಉರಿಯಿತು. ಬಹಳ ದಿನದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ನನಗೆ ನೆನಪಿರುವುದು ಅಷ್ಟು.

ಈಗ ಅವಳು ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಬೆಳಿಗ್ಗೆ ನಾನೇ ಕೇಳುತ್ತೇನೆ. ತಪ್ಪಿದರೆ ತಪ್ಪು ಎನ್ನುತ್ತೇನೆ. ಅದು ಆದರೆ ನೀವು ಯಾವ ಊರಿಗೆ ಹೋಗುತ್ತೀರೋ ಗೊತ್ತಿಲ್ಲ. ಮೊನ್ನೆ ಚಿನ್ನವ್ವ “ನಾವು ಹೋದ್ರ ನೀ ಆರಾಮ ಇರ್ತೀಯೇನ ಅಜ್ಜಿ?” ಎಂದು ಕೇಳಿದಳು. ಅದೂ ದೀಪ ಹಚ್ಚುವ ಹೊತ್ತು. “ಇಲ್ಲ” ಎಂದೆ. “ಆದ್ರೂ ಹೋಗ್ರಿ” ಎಂದೆ.

ಹೋಗುವಾಗ ಈ ಹಾಳೆಗಳನ್ನು ಒಯ್ಯಿರಿ. ಬರೀ ಗುಂಡಿನ ಹಾಳೆ ಎಂದು ಯಾರಾದರೂ ರದ್ದಿಗೆ ಹಾಕಲು ಹೋದರೆ ಬಿಡಬೇಡಿ. ಗೋಡೆಗಾಗಲಿ ಪುಸ್ತಕಕ್ಕಾಗಲಿ ಅಂಟಿಸಬೇಡಿ, ಒಂದು ಬದಿ ಮುಚ್ಚಿಹೋಗುತ್ತದೆ. ಮೆಣಸಿನಕಾಯಿಯ ಘಾಟು ಕಾಗದಕ್ಕೆ ಹತ್ತಿದೆ, ಬಿಡಿಸಿದಾಗ ಸೀನು ಬಂದರೆ ಬರಲಿ. ನಿಮ್ಮ ಅವ್ವ ತುಂಬಿದ ಬದಿಯನ್ನೂ ನಾನು ಬರೆದ ಬದಿಯನ್ನೂ ಹರಿಯದಂತೆ ಒಟ್ಟಿಗೆ ಜೋಪಾನವಾಗಿ ಇಡಿ.